ಭಾಷೆ ಬಾರದ ವಿದೇಶಿ ಅತಿಥಿ ಮನೆಗೆ ಬಂದರೆ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ಮೈಸೂರಿನ ಗೋಕುಲಂನಲ್ಲಿದೆ. ಯೋಗ ಕಲಿಯಲು ಬರುವ ವಿದೇಶಿಯರಿಗೆ ಮಹಡಿಯ ರೂಮುಗಳನ್ನು ಬಾಡಿಗೆಗೆ ಕೊಡುತ್ತೇವೆ. ಊಟ, ತಿಂಡಿ ಹೆಚ್ಚಾಗಿ ನಮ್ಮ ಜೊತೆಯಲ್ಲೇ. ಬರುವವರಲ್ಲಿ ಇಂಗ್ಲಿಷ್ ಚೆನ್ನಾಗಿ ಬರುವವರಿದ್ದಾರೆ, ಒಂದಕ್ಷರ ಬಾರದವರೂ ಇದ್ದಾರೆ. ಹಗಲೆಲ್ಲ ಅವರ ಜೊತೆ ಇರುವವರು ನಮ್ಮ ಅತ್ತೆ. ಅವರಿಗೆ ಕನ್ನಡ ಬಿಟ್ಟರೆ ಬೇರೆ ಭಾಷೆ ಇಲ್ಲ. ಅಕ್ಕಪಕ್ಕದವರು, ಹೊಸದಾಗಿ ರೂಮು ಕೊಡಬೇಕು ಅಂತಿರುವವರು, ಮಕ್ಕಳಿಗೆ ವಿದೇಶದ ಸಂಬಂಧ ಆಗಿ ಬೀಗರ ದಾರಿ ಕಾಯುತ್ತಿರುವವರು ನಮ್ಮನ್ನು ಕೇಳುತ್ತಲೇ ಇರುತ್ತಾರೆ. ಆ ಪ್ರಶ್ನೆಗಳೂ ನಮ್ಮ ಉತ್ತರಗಳೂ ಇಲ್ಲಿವೆ.

ನಮಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಇಂಥ ಮನೆಯಲ್ಲಿ ವಿದೇಶಿಯರನ್ನು ಇಟ್ಟುಕೊಳ್ಳಬಹುದಾ?

ಖಂಡಿತ ಇಟ್ಟುಕೊಳ್ಳಬಹುದು. ಬರುವ ಎಷ್ಟೋ ಜನರಿಗೂ ಇಂಗ್ಲಿಷ್ ಕಷ್ಟವೇ. ರಷ್ಯಾ, ಜಪಾನ್, ಬ್ರೆಜಿಲ್‌ನಿಂದ ಬಂದವರು ನಿಮ್ಮ ಇಂಗ್ಲಿಷಿನ ತಪ್ಪು ಹುಡುಕುವುದಿಲ್ಲ. ನೀವು ಗಡಿಬಿಡಿ ಮಾಡದೆ ನಿಧಾನವಾಗಿ ಹೇಳಿದರೆ ಅವರಿಗೆ ಅಷ್ಟೇ ಸಾಕು.

ಮೈಸೂರಿಗೆ ಇದು ಹೊಸದೂ ಅಲ್ಲ. ಈಗಿನ ಲಾಟ್ವಿಯಾದ ರೀಗಾದಲ್ಲಿ ಹುಟ್ಟಿದ ಇಂದ್ರಾದೇವಿ 1930ರ ದಶಕದಲ್ಲೇ ಇಲ್ಲಿಗೆ ಬಂದು ಕೃಷ್ಣಮಾಚಾರ್ಯರ ಹತ್ತಿರ ಯೋಗ ಕಲಿತರು. 1964ರಲ್ಲಿ ಬೆಲ್ಜಿಯಂನ ಆಂದ್ರೆ ವಾನ್ ಲೈಸ್‌ಬೆತ್ ಲಕ್ಷ್ಮೀಪುರಂಗೆ, ಯೋಗ ಗುರು ಪಟ್ಟಾಭಿ ಜೋಯಿಸರ ಮನೆಗೆ ಬಂದರು. ಆಮೇಲೆ ಯೂರೋಪಿನವರು, ಅಮೆರಿಕದವರು ಸಾಲಾಗಿ ಬಂದರು. ಜೋಯಿಸರು ಹಾಸನದ ಹತ್ತಿರದ ಕೌಶಿಕದವರು, ಸಂಸ್ಕೃತ ಕಲಿಸುತ್ತಿದ್ದವರು. ಅವರು ತರಗತಿ ನಡೆಸಿದ್ದು ಹರುಕುಮುರುಕು ಇಂಗ್ಲಿಷಿನಲ್ಲೇ. ಎಣಿಕೆ ಸಂಸ್ಕೃತದಲ್ಲಿ, ಉಳಿದದ್ದೆಲ್ಲ ಕೈ ಹಿಡಿದು ತಿದ್ದುವುದರಲ್ಲಿ. ಅಷ್ಟರಲ್ಲೇ ಜಗತ್ತಿನ ಮೂಲೆಮೂಲೆಯವರು ಕಲಿತುಕೊಂಡು ಹೋದರು.

ಅವರು ಬರುವ ಮೊದಲು ಏನೇನು ಕೇಳಿಟ್ಟುಕೊಳ್ಳಬೇಕು?

ಎಲ್ಲವನ್ನೂ ಬರೆದು ಕೇಳಿ. ವಾಟ್ಸ್ಆ್ಯಪ್‌ನಲ್ಲೋ ಈಮೇಲ್‌ನಲ್ಲೋ ಕೇಳಿದರೆ ಅವರು ಅಲ್ಲಿ ಕುಳಿತು ಸಮಾಧಾನವಾಗಿ ತಮ್ಮ ಭಾಷೆಗೆ ತಿರುಗಿಸಿಕೊಳ್ಳುತ್ತಾರೆ. ವೀಡಿಯೊ ಕಾಲ್ ಮಾಡಿದರೆ ಇಬ್ಬರೂ ನಕ್ಕು, ತಲೆಯಾಡಿಸಿ ಮುಗಿಸುತ್ತೀರಿ, ವಿಷಯ ಉಳಿದುಬಿಡುತ್ತದೆ.

ಯಾವ ವಿಮಾನ, ಎಷ್ಟು ಹೊತ್ತಿಗೆ ಬರುತ್ತಾರೆ, ಯಾವುದು ತಿನ್ನಬಾರದು, ಯಾವ ಮಾತ್ರೆ ತೆಗೆದುಕೊಳ್ಳುತ್ತಾರೆ, ಊರಲ್ಲಿ ಯಾರಿಗೆ ಫೋನ್ ಮಾಡಬೇಕು, ಇಷ್ಟು ಗೊತ್ತಿರಲಿ. ಅವರ ಕಡೆಯಲ್ಲಿ ಇಂಗ್ಲಿಷ್ ಬರುವ ಒಬ್ಬರ ನಂಬರ್ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಮಗಳೋ, ಗೆಳೆಯನೋ ಯಾರಾದರೂ ಸರಿ.

ಸಿ-ಫಾರ್ಮ್ ಅಂದರೇನು? ನೆಂಟರಾಗಿ ಬಂದರೂ ಬೇಕಾ?

ಬೇಕು. ದುಡ್ಡು ತೆಗೆದುಕೊಳ್ಳಿ, ಬಿಡಿ, ವಿದೇಶಿ ಪ್ರಜೆಯೊಬ್ಬರು ನಿಮ್ಮ ಮನೆಯಲ್ಲಿ ಉಳಿದರೆ 24 ಗಂಟೆಯೊಳಗೆ ಎಫ್‌ಆರ್‌ಆರ್‌ಒಗೆ, ಅಂದರೆ ವಿದೇಶಿಯರ ನೋಂದಣಿ ಕಚೇರಿಗೆ, ಮಾಹಿತಿ ಕೊಡಬೇಕು. ಆ ಮಾಹಿತಿ ತುಂಬುವ ನಮೂನೆಗೇ ಸಿ-ಫಾರ್ಮ್ ಅನ್ನುವುದು. ನಮ್ಮ ಕಡೆಯ ಕಚೇರಿ ಬೆಂಗಳೂರಿನಲ್ಲಿದೆ, ಆದರೆ ಅಲ್ಲಿಗೆ ಹೋಗಬೇಕಾಗಿಲ್ಲ. ಎಲ್ಲ ಆನ್‌ಲೈನ್. ಒಂದು ಸಲ ಮನೆಯ ವಿಳಾಸ ಕೊಟ್ಟು ನಿಮ್ಮ ಹೆಸರಲ್ಲಿ ಖಾತೆ ತೆರೆಯಬೇಕು. ಆಮೇಲೆ ಪ್ರತಿ ಅತಿಥಿಯ ಫೋಟೊ, ಪಾಸ್‌ಪೋರ್ಟ್, ವೀಸಾ ವಿವರ, ಎಲ್ಲಿಂದ ಬಂದರು, ಮುಂದೆ ಎಲ್ಲಿಗೆ ಹೋಗುತ್ತಾರೆ ಅನ್ನುವುದನ್ನು ತುಂಬಬೇಕು. 1946ರ ಹಳೆಯ ವಿದೇಶಿಯರ ಕಾಯ್ದೆ ಹೋಗಿ 2025ರಲ್ಲಿ ಹೊಸದು ಬಂದಿದೆ, ಆದರೆ ಈ ಹೊಣೆ ಹಾಗೆಯೇ ಇದೆ. ಊರವರು ಈಗಲೂ ಸಿ-ಫಾರ್ಮ್ ಅಂತಲೇ ಹೇಳುತ್ತಾರೆ.

ಇಲ್ಲಿ ಭಾಷೆಯ ತೊಡಕು ಎಲ್ಲಿ ಬರುತ್ತದೆ ಗೊತ್ತಾ? ಸುಸ್ತಾಗಿ ಬಂದಿಳಿದವರ ಹತ್ತಿರ ಬಾಗಿಲಲ್ಲೇ ಪಾಸ್‌ಪೋರ್ಟ್ ಕೇಳಿದರೆ ಯಾರಿಗಾದರೂ ಗಾಬರಿಯಾಗುತ್ತದೆ. ಯಾಕೆ ಕೇಳುತ್ತಿದ್ದಾರೆ ಅಂತ ಗೊತ್ತಾಗದಿದ್ದರೆ ಇನ್ನೂ ಜಾಸ್ತಿ. ಹಾಗಾಗಿ ಅವರು ಊರು ಬಿಡುವ ಮೊದಲೇ, ಅವರ ಭಾಷೆಯಲ್ಲಿ, ಇದು ಸರ್ಕಾರದ ನಿಯಮ ಅಂತ ತಿಳಿಸಿ. ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ಫೋಟೊ ಆಗಲೇ ತರಿಸಿಕೊಳ್ಳಿ. ಬಂದ ಮೇಲೆ ಅವರ ಎದುರಿಗೇ ಹೋಲಿಸಿ ನೋಡಿ, ಕೂಡಲೇ ಕೈಗೆ ವಾಪಸ್ ಕೊಡಿ. ಅಸಲು ಪಾಸ್‌ಪೋರ್ಟನ್ನು ನಿಮ್ಮ ಬೀರುವಿನಲ್ಲಿ ಇಟ್ಟುಕೊಳ್ಳಲೇಬೇಡಿ.

ಮೊದಲ ದಿನ ಏನು ಮಾಡಬೇಕು?

ಮನೆ ತೋರಿಸಿ, ಮಲಗಲು ಬಿಡಿ. ಅಷ್ಟೇ. ಮನೆ ತೋರಿಸುವುದು ಅಂದರೆ ಕೈಯಾರೆ ಮಾಡಿ ತೋರಿಸುವುದು. ಗೀಸರ್ ಸ್ವಿಚ್ ಹಾಕಿ, ಬಿಸಿನೀರು ಬರುವ ನಲ್ಲಿ ತಿರುಗಿಸಿ. ಕುಡಿಯುವ ನೀರು ಯಾವುದು ಅಂತ ನೀವೇ ಒಂದು ಲೋಟ ಹಿಡಿದು ಕುಡಿದು ತೋರಿಸಿ. ಗೇಟಿನ ಚಿಲಕ, ಬೀಗದ ಕೈ, ಫ್ಯಾನಿನ ರೆಗ್ಯುಲೇಟರ್, ಕರೆಂಟ್ ಹೋದರೆ ಯಾವ ದೀಪ ಉರಿಯುತ್ತದೆ, ಎಲ್ಲ ಒಂದು ಸುತ್ತು. ಆಮೇಲೆ ಅದನ್ನೇ ಅವರ ಕೈಯಲ್ಲಿ ಮಾಡಿಸಿ. ತೋರಿಸಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ, ಆದರೆ ಅರ್ಥವಾಗಿದೆಯೋ ಇಲ್ಲವೋ ಗೊತ್ತಾಗುವುದು ಅವರು ಮಾಡಿದಾಗಲೇ.

ಜಪಾನಿನವರು ಬಂದರೆ ಒಂದು ಎಚ್ಚರಿಕೆ. ಅಲ್ಲಿಯ ಕರೆಂಟ್ 100 ವೋಲ್ಟ್, ನಮ್ಮದು 230. ಫೋನ್ ಚಾರ್ಜರಿಗೆ ಸಾಮಾನ್ಯವಾಗಿ ತೊಂದರೆ ಇಲ್ಲ, ಕೂದಲು ಒಣಗಿಸುವ ಡ್ರೈಯರ್ ಹಾಕಿದರೆ ಸುಟ್ಟುಹೋಗಬಹುದು. ಚಾರ್ಜರ್ ಮೇಲೆ 100ರಿಂದ 240 ಅಂತ ಬರೆದಿದೆಯಾ ನೋಡಿ.

ದಯವಿಟ್ಟು ಮೊದಲ ದಿನ ನೆಂಟರಿಷ್ಟರನ್ನು ನೋಡಲು ಕರೆಯಬೇಡಿ.

ಮಾತೇ ಬರದಿದ್ದರೆ ಇಡೀ ದಿನ ಹೇಗೆ ಕಳೆಯುವುದು?

ಜನ ಹೆದರುವುದು ಇದಕ್ಕೇ. ಆದರೆ ಮಾತಿಲ್ಲದೆ ಪಕ್ಕದಲ್ಲಿ ಕುಳಿತಿರುವುದು ಅತಿಥಿಗೆ ಅಷ್ಟೇನೂ ಕಷ್ಟವಾಗುವುದಿಲ್ಲ. ಅವರನ್ನು ನಿಜವಾಗಿ ದಣಿಸುವುದು ಮುಂದೇನು ಅಂತ ತಿಳಿಯದೆ ಇರುವುದು. ಊಟ ಎಷ್ಟು ಹೊತ್ತಿಗೆ? ಈಗ ಎಲ್ಲರೂ ಸೀರೆ ಉಟ್ಟು ಹೊರಟಿದ್ದು ಎಲ್ಲಿಗೆ? ನಾನೂ ಹೋಗಬೇಕಾ? ಬಂದ ಈ ಮನುಷ್ಯ ಯಾರು, ಎಷ್ಟು ಹೊತ್ತು ಇರುತ್ತಾನೆ? ಮನೆಯವರಿಗೆಲ್ಲ ಗೊತ್ತಿರುವ ಇವು ಅವರೊಬ್ಬರಿಗೇ ಗೊತ್ತಿರುವುದಿಲ್ಲ. ದಿನವಿಡೀ ಮುಖಗಳನ್ನು ನೋಡಿ ಊಹಿಸುತ್ತಾ ಇರಬೇಕು. ಯೋಚಿಸಿ ನೋಡಿ, ಎಷ್ಟು ಸುಸ್ತು ಅಲ್ವಾ?

ಅದಕ್ಕೇ ನಾವು ಅಡುಗೆಮನೆಯ ಬಾಗಿಲ ಹತ್ತಿರ ಒಂದು ಬಿಳಿ ಬೋರ್ಡ್ ಹಾಕಿದ್ದೇವೆ. ನಾಳೆಯ ದಿನ ಅದರಲ್ಲಿ ಇರುತ್ತದೆ. 7.30 ತಿಂಡಿ, ಪಕ್ಕದಲ್ಲಿ ತಟ್ಟೆಯ ಚಿತ್ರ. 11.00 ದೇವಸ್ಥಾನ, ಗೋಪುರದ ಚಿತ್ರ. ಜೊತೆಗೆ ಬರುವವರ ಹೆಸರು, ವಾಪಸ್ ಬರುವ ಹೊತ್ತು. ಬರುವುದು ಬಿಡುವುದು ಅತಿಥಿಯ ಇಷ್ಟವಾದರೆ ಅಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತೇವೆ. ಅವರು ತಮ್ಮ ಹೆಸರು ಬರೆದರೆ ಬರುತ್ತಾರೆ ಅಂತ. ಸಮಯ ಬರೆಯುವಾಗ 24 ಗಂಟೆಯ ಲೆಕ್ಕ ಒಳ್ಳೆಯದು. ರಾತ್ರಿ 8 ಅಂದರೆ 20.00.

ಗೋಡೆಯ ಮೇಲಿನ ಕನ್ನಡ ಕ್ಯಾಲೆಂಡರೂ ನಮ್ಮ ಮನೆಯಲ್ಲಿ ದೊಡ್ಡ ಸಹಾಯ. ಜೋಯಿಸರ ಸಂಪ್ರದಾಯದಲ್ಲಿ ಯೋಗ ಕಲಿಯುವವರಿಗೆ ಅಮಾವಾಸ್ಯೆ, ಹುಣ್ಣಿಮೆ ರಜೆ. ಕಪ್ಪು ಚುಕ್ಕಿ, ಬಿಳಿ ಚುಕ್ಕಿ ನೋಡಿ ಅವರೇ ಲೆಕ್ಕ ಹಾಕುತ್ತಾರೆ. ಅತ್ತೆಯೂ ಅದನ್ನೇ ನೋಡುತ್ತಾರೆ. ಇಬ್ಬರೂ ಕ್ಯಾಲೆಂಡರ್ ಮುಂದೆ ನಿಂತು ಬೆರಳಿಟ್ಟು ಮಾತಾಡುವುದು ನನಗೆ ತುಂಬಾ ಇಷ್ಟ.

ಇನ್ನೊಂದು ಮಾತು. ಅತಿಥಿ ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡರೆ ಬೇಜಾರಾಗಿದೆ ಅಂತ ತಿಳಿಯಬೇಡಿ. ಅರ್ಥವಾಗದ ಭಾಷೆಯ ನಡುವೆ ಇದ್ದು ತಲೆ ದಣಿದಿರುತ್ತದೆ. ಒಂದು ಗಂಟೆ ಬಿಟ್ಟುಬಿಡಿ, ತಾವೇ ಬರುತ್ತಾರೆ.

ಫೋನಿನ ಅನುವಾದವನ್ನು ಎಷ್ಟು ನಂಬಬಹುದು?

ದಿನದ ಕೆಲಸಕ್ಕೆ ಸಾಕು. ಗೂಗಲ್ ಟ್ರಾನ್ಸ್‌ಲೇಟ್‌ಗೆ ಕನ್ನಡ ಬಂದದ್ದು 2011ರಲ್ಲಿ. ಆಗಿನದಕ್ಕೂ ಈಗಿನದಕ್ಕೂ ಹೋಲಿಕೆಯೇ ಇಲ್ಲ. ಭಾಷೆಯನ್ನು ಮೊದಲೇ ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದಾಗಲೂ ನಡೆಯುತ್ತದೆ.

ಆದರೆ ಅದರ ಜೊತೆ ಮಾತಾಡುವ ರೀತಿ ಬೇರೆ. ನಾವು ಮನೆಯಲ್ಲಿ ಯಾರು ಅಂತ ಹೇಳುವುದೇ ಇಲ್ಲ. 'ಬೆಳಿಗ್ಗೆ ಬೇಗ ಹೋಗ್ಬಿಟ್ಟು ಬಂದ್ಬಿಡೋದು' ಅಂದರೆ ನಮಗೆ ಎಲ್ಲ ತಿಳಿಯಿತು. ಫೋನಿಗೆ ಯಾರು, ಎಲ್ಲಿಗೆ, ಯಾವಾಗ ಒಂದೂ ಗೊತ್ತಾಗುವುದಿಲ್ಲ. 'ನಾಳೆ ಬೆಳಿಗ್ಗೆ 7 ಗಂಟೆಗೆ ನಾವು ಚಾಮುಂಡಿ ಬೆಟ್ಟಕ್ಕೆ ಹೋಗುತ್ತೇವೆ. ನೀವು ಬರುತ್ತೀರಾ?' ಹೀಗೆ ಹೇಳಿ. ಪಠ್ಯಪುಸ್ತಕದ ಕನ್ನಡ, ಚಿಕ್ಕ ಚಿಕ್ಕ ವಾಕ್ಯ, ಒಂದು ವಾಕ್ಯಕ್ಕೆ ಒಂದೇ ವಿಷಯ. ಮಂಡ್ಯದ ಕನ್ನಡ, ಧಾರವಾಡದ ಕನ್ನಡ, ಕುಂದಾಪುರದ ಕನ್ನಡ ಅದಕ್ಕೆ ಕಷ್ಟ. ಹಿರಿಯರು ಮಾತಾಡುವಾಗ ಮನೆಯ ಒಬ್ಬರು ಟೈಪ್ ಮಾಡಿಕೊಟ್ಟರೆ ಒಳ್ಳೆಯದು.

ಮುಖ್ಯವಾದ ವಿಷಯವಾದರೆ, ಅಂದರೆ ದುಡ್ಡು, ಔಷಧಿ, ಪ್ರಯಾಣದ ಸಮಯ, ಬಂದ ಅನುವಾದವನ್ನು ಮತ್ತೆ ಕನ್ನಡಕ್ಕೆ ತಿರುಗಿಸಿ ಓದಿ. ನೀವು ಹೇಳಿದ್ದೇ ವಾಪಸ್ ಬಂದರೆ ತೋರಿಸಿ. ಇಲ್ಲದಿದ್ದರೆ ವಾಕ್ಯ ಬದಲಿಸಿ.

ಊಟಕ್ಕೆ ಕುಳಿತಾಗ ಮಾತ್ರ ಫೋನ್ ದೂರ ಇಡಿ ಅನ್ನುವುದು ನನ್ನ ಅಭಿಪ್ರಾಯ. ಎಲ್ಲರೂ ಪರದೆ ನೋಡುತ್ತಾ ಕುಳಿತರೆ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ.

ಕೈಸನ್ನೆ ಎಲ್ಲರಿಗೂ ಅರ್ಥವಾಗುತ್ತದೆ ಅಲ್ವಾ?

ಇಲ್ಲ. ಕುಡಿಯುವುದು, ಮಲಗುವುದು, ಸ್ನಾನ, ಇಂಥವನ್ನು ಮಾಡಿ ತೋರಿಸಿದರೆ ಸರಿ. ಹೌದು, ಇಲ್ಲ ಮತ್ತು ಸಂಖ್ಯೆಗಳಲ್ಲಿ ಎಡವಟ್ಟಾಗುತ್ತದೆ. ನಾವು ಆಯ್ತು ಅನ್ನಲು ತಲೆಯನ್ನು ಪಕ್ಕಕ್ಕೆ ಆಡಿಸುತ್ತೇವಲ್ಲ, ಹೊರಗಿನವರಿಗೆ ಅದು ಇಲ್ಲ ಅನ್ನುವ ಹಾಗೆ ಕಾಣುತ್ತದೆ. ಬಲ್ಗೇರಿಯಾದಲ್ಲಿ ತಲೆ ಮೇಲೆ ಕೆಳಗೆ ಆಡಿಸಿದರೇ ಇಲ್ಲ ಅಂತ. ಜರ್ಮನಿಯವರು ಹೆಬ್ಬೆರಳಿನಿಂದ ಎಣಿಸಲು ಶುರು ಮಾಡುತ್ತಾರೆ. ಚೀನಾದವರು ಒಂದೇ ಕೈಯಲ್ಲಿ ಹತ್ತರವರೆಗೆ ತೋರಿಸುತ್ತಾರೆ. ಇರಾನಿನವರಿಗೆ ಹೆಬ್ಬೆರಳು ಎತ್ತಿ ತೋರಿಸುವುದು ಒಳ್ಳೆಯ ಸನ್ನೆಯಲ್ಲ. ಸಂಖ್ಯೆ ಇದ್ದರೆ ಯಾವಾಗಲೂ ಬರೆಯಿರಿ, ಕನ್ನಡ ಅಂಕಿ ಬೇಡ.

ಕೆಲವು ಪದ್ಧತಿಗಳು ಮಾತ್ರ ಅಚ್ಚರಿಯಾಗುವಷ್ಟು ನಮ್ಮವೇ. ರಷ್ಯಾದವರು ಹೊಸ್ತಿಲ ಆಚೆ ಈಚೆ ನಿಂತು ಕೈಕುಲುಕುವುದಿಲ್ಲ. ನಮ್ಮ ಮನೆಗಳಲ್ಲೂ ಹೊಸ್ತಿಲ ಮೇಲೆ ನಿಂತು ಕೊಡುವುದು, ತೆಗೆದುಕೊಳ್ಳುವುದು ಬೇಡ ಅನ್ನುತ್ತಾರೆ. ಜಪಾನ್, ಕೊರಿಯಾದವರಿಗೆ ಚಪ್ಪಲಿ ಹೊರಗೆ ಬಿಡಿ ಅಂತ ಹೇಳಿಕೊಡಬೇಕಾಗಿಲ್ಲ. ಸ್ವಾಗತಕ್ಕೆ ನಮಸ್ಕಾರ ಎಲ್ಲರಿಗೂ ಸಲ್ಲುತ್ತದೆ.

ಊಟದ ವಿಷಯ ಹೇಗೆ?

ಮೊದಲು ಅಪಾಯದ ಮಾತು. ಅಲರ್ಜಿ ಇದೆ ಅಂತ ಹೇಳಿದರೆ ಅದನ್ನು ಇಷ್ಟ, ಅನಿಷ್ಟದ ವಿಷಯ ಅಂತ ತಿಳಿಯಬೇಡಿ. ಕಡಲೆಕಾಯಿ ಆಗದವರಿಗೆ ಚಿತ್ರಾನ್ನ, ಪುಳಿಯೋಗರೆ, ಚಟ್ನಿಪುಡಿ, ಒಗ್ಗರಣೆ ಎಲ್ಲದರಲ್ಲೂ ಅಪಾಯ ಇದೆ. ಕೆಲವರಿಗೆ ಪ್ರಾಣಕ್ಕೇ ಕುತ್ತು. ಗೋಡಂಬಿ ಆಗದವರಿಗೆ ಪಾಯಸ, ಪೊಂಗಲ್. ಗೋಧಿ ಆಗದವರಿಗೆ ಚಪಾತಿ ಬಿಟ್ಟರೆ ಸಾಲದು. ರವೆ, ಶಾವಿಗೆ ಕೂಡ ಹೆಚ್ಚಾಗಿ ಗೋಧಿಯದೇ. ಅಂಗಡಿಯ ಡಬ್ಬಿ ಇಂಗಿನಲ್ಲಿ ಹೆಚ್ಚಾಗಿ ಗೋಧಿ ಹಿಟ್ಟು ಸೇರಿರುತ್ತದೆ, ಇದು ಬಹಳ ಜನರಿಗೆ ಗೊತ್ತಿಲ್ಲ. ಹಾಗಾಗಿ ಸಾರು, ಹುಳಿಗೂ ಗಮನ ಬೇಕು. ವೀಗನ್ ಅಂದರೆ ಹಾಲು, ಮೊಸರು, ತುಪ್ಪ ಯಾವುದೂ ಇಲ್ಲ. ಅನ್ನದ ಮೇಲೆ ಅಭ್ಯಾಸದಿಂದ ತುಪ್ಪ ಹಾಕುವ ಕೈಯನ್ನು ತಡೆಯಬೇಕು. ಅಡುಗೆಮನೆಯ ಸಾಮಾನುಗಳನ್ನೇ ಎದುರಿಗಿಟ್ಟು ಒಂದೊಂದಾಗಿ ತೋರಿಸಿ, ಇದು ಆಗುತ್ತದಾ ಅಂತ ಕೇಳಿದರೆ ಸಂಶಯ ಉಳಿಯುವುದಿಲ್ಲ.

ಇನ್ನು ಬಡಿಸುವುದು. ಇದರಲ್ಲಿ ಒಳ್ಳೆಯ ಮನಸ್ಸಿನಿಂದಲೇ ತೊಂದರೆಯಾಗುತ್ತದೆ. ಜಪಾನಿನಲ್ಲಿ ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ತಿನ್ನುವುದು ಮರ್ಯಾದೆ. ನಮ್ಮಲ್ಲಿ ಎಲೆ ಖಾಲಿಯಾದರೆ ಬಡಿಸುವುದು ಮರ್ಯಾದೆ. ಅವರು ಮುಗಿಸುತ್ತಾರೆ, ನೀವು ಬಡಿಸುತ್ತೀರಿ, ಅವರು ಪಾಪ ಮತ್ತೆ ಮುಗಿಸುತ್ತಾರೆ. ಸಾಕು ಅನ್ನಲು ಎಲೆಯ ಮೇಲೆ ಕೈ ಅಡ್ಡ ಹಿಡಿಯುವುದನ್ನು ಊಟಕ್ಕೆ ಮೊದಲೇ ಹೇಳಿಕೊಡಿ. ಅವರು ಹಿಡಿದಾಗ ನಿಲ್ಲಿಸಿ. 'ಇನ್ನೊಂದು ಸ್ವಲ್ಪ' ಅಂತ ಬಲವಂತ ಮಾಡುವುದು ನಮ್ಮ ಪ್ರೀತಿ, ನಿಜ. ಆದರೆ ಬೇಡ ಅನ್ನುವ ಮಾತೇ ಬಾರದವರಿಗೆ ಅದು ಶಿಕ್ಷೆ.

ಒಗ್ಗರಣೆಯ ಮೆಣಸಿನಕಾಯಿ, ಪಲಾವಿನ ಲವಂಗ, ಚಕ್ಕೆ ಪಕ್ಕಕ್ಕಿಡುವುದು ಅಂತ ಅವರಿಗೆ ಗೊತ್ತಿರುವುದಿಲ್ಲ, ಅಗಿದುಬಿಡುತ್ತಾರೆ. ನೀವೇ ಮೊದಲು ತೆಗೆದು ಪಕ್ಕಕ್ಕಿಟ್ಟು ತೋರಿಸಿ. ಮುದ್ದೆ ಇದ್ದರೆ ನುಂಗುವುದನ್ನು ತೋರಿಸಿ, ಆದರೆ ಹಟ ಬೇಡ. ಚಮಚ ಕೇಳುವ ಮೊದಲೇ ಇಟ್ಟಿರಿ. ಹೊಟ್ಟೆ ನಮ್ಮ ಊಟಕ್ಕೆ ಒಗ್ಗುವವರೆಗೆ ಹಸಿ ಚಟ್ನಿ, ಕೋಸಂಬರಿ ಬೇಡ, ಬಿಸಿ ಬಿಸಿಯಾಗಿ ಬೇಯಿಸಿದ್ದೇ ಒಳ್ಳೆಯದು.

ಮನೆಯ ಹಿರಿಯರಿಗೆ ಮುಜುಗರ ಆಗುವುದಿಲ್ಲವಾ?

ಮೊದಮೊದಲು ಆಗುತ್ತದೆ. ಇಬ್ಬರ ಕೈಗೂ ಒಂದೇ ಕೆಲಸ ಕೊಡಿ. ಯೋಗದವರು ಜಾಸ್ತಿ ಬರುವುದು ಡಿಸೆಂಬರ್, ಜನವರಿಯಲ್ಲಿ. ಅದೇ ಅವರೆಕಾಯಿ ಕಾಲ. ಮೊರದ ತುಂಬ ಅವರೆಕಾಯಿ ಸುರಿದುಕೊಂಡು ಕುಳಿತರೆ ಸುಲಿಯುವುದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನೆನೆಸಿದ ಕಾಳನ್ನು ಹಿತಕುವುದು ಇನ್ನೂ ಮಜಾ. ಹೂ ಕಟ್ಟುವುದು, ರಂಗೋಲಿ, ಬತ್ತಿ ಹೊಸೆಯುವುದು, ಎಲ್ಲ ನಡೆಯುತ್ತದೆ. ಕೈಯಲ್ಲಿ ಕೆಲಸ ಇದ್ದಾಗ ಸುಮ್ನೆ ಕೂರುವುದು ಯಾರಿಗೂ ಕಸಿವಿಸಿ ಅನ್ನಿಸುವುದಿಲ್ಲ.

ಸಂಜೆಗೆ ಚೌಕಾಬಾರ ಇದೆ, ಅಳಗುಳಿ ಮಣೆ ಇದೆ. ಮಲೇಷ್ಯಾ, ಇಂಡೊನೇಷ್ಯಾದವರಿಗೆ ಅಳಗುಳಿ ಮಣೆ ಹೊಸದೇ ಅಲ್ಲ, ಅಲ್ಲಿಯೂ ಹೀಗೇ ಗುಳಿಗಳಲ್ಲಿ ಕಾಳು ಹಾಕುತ್ತಾ ಹೋಗುವ ಆಟ ಇದೆ. ಅತ್ತೆ ಕನ್ನಡದಲ್ಲೇ ಜಗಳವಾಡುತ್ತಾರೆ, ಎದುರಿನವರು ತಮ್ಮ ಭಾಷೆಯಲ್ಲಿ. ಆಟ ಚೆನ್ನಾಗಿಯೇ ನಡೆಯುತ್ತದೆ.

ಕರೆಯಲು ಉದ್ದುದ್ದ ಹೆಸರು ಹೇಳಿಕೊಡುವ ಬದಲು ಅಜ್ಜಿ, ಅಕ್ಕ, ಅಣ್ಣ ಅಂತಲೇ ಹೇಳಿಕೊಡಿ. ಬೇಗ ಬರುತ್ತದೆ, ಬಾಂಧವ್ಯವೂ ಬೆಳೆಯುತ್ತದೆ.

ಶಾಲೆಗೆ ಹೋಗುವ ಮಕ್ಕಳಿಗೆ ಇಂಗ್ಲಿಷ್ ಬರುತ್ತದೆ. ಅವರಿಂದಲೇ ಮಾತಾಡಿಸಬಹುದಾ?

ತಿಂಡಿ, ಆಟ, ಊರು ಸುತ್ತುವುದಕ್ಕೆ ಧಾರಾಳವಾಗಿ. ಕಾಯಿಲೆ, ಬಾಡಿಗೆ, ಮನಸ್ತಾಪದ ಮಾತಿಗೆ ಬೇಡ.

ಬಚ್ಚಲುಮನೆ, ಕಕ್ಕಸಿನ ಸಂಗತಿ ಹೇಗಪ್ಪಾ ಹೇಳುವುದು?

ಚಿತ್ರ ಅಂಟಿಸಿ. ಕಾಗದವನ್ನು ಕಮೋಡಿಗೆ ಹಾಕಬಾರದು ಅಂತಿದ್ದರೆ ಒಂದು ಚಿತ್ರ, ಪಕ್ಕದಲ್ಲಿ ಮುಚ್ಚಳದ ಬುಟ್ಟಿ. ಬ್ರೆಜಿಲ್‌ನವರಿಗೆ ಬುಟ್ಟಿಯ ಅಭ್ಯಾಸ ಇರುತ್ತದೆ, ಜಪಾನಿನವರು ಕಮೋಡಿಗೇ ಹಾಕುತ್ತಾರೆ. ಬಕೆಟ್, ಚೊಂಬಿನ ಸ್ನಾನವನ್ನು ಬಟ್ಟೆ ಹಾಕಿಕೊಂಡೇ ಅಭಿನಯಿಸಿ ತೋರಿಸಬಹುದು, ಅದರಲ್ಲಿ ನಾಚಿಕೆ ಏನಿಲ್ಲ.

ಯೋಗದವರಲ್ಲಿ ಕೆಲವರು ಶನಿವಾರ ಹರಳೆಣ್ಣೆ ಹಚ್ಚಿಕೊಂಡು ಎಣ್ಣೆಸ್ನಾನ ಮಾಡುತ್ತಾರೆ. ನೆಲ ಜಾರುತ್ತದೆ. ಸೀಗೆಪುಡಿ ಕೊಟ್ಟು, ಒಂದು ರಬ್ಬರ್ ಮ್ಯಾಟ್ ಹಾಕಿಡಿ.

ಅವರಿಗೆ ಹುಷಾರಿಲ್ಲದಿದ್ದರೆ?

ಒಂದು ಹಾಳೆಯಲ್ಲಿ ಮನುಷ್ಯನ ಚಿತ್ರ ಬರೆದು ಎಲ್ಲಿ ನೋವು ಅಂತ ಬೆರಳಿಡಲು ಹೇಳಿ. ಎಷ್ಟು ನೋವು ಅಂತ ತಿಳಿಯಲು 1ರಿಂದ 10ರವರೆಗೆ ಬರೆದು ತೋರಿಸಿ. ಜ್ವರ ನೋಡುವಾಗ ಎಚ್ಚರ. ನಾವು ಫ್ಯಾರನ್‌ಹೀಟ್‌ನಲ್ಲಿ ಹೇಳುತ್ತೇವೆ, ಯೂರೋಪ್, ಜಪಾನಿನವರು ಸೆಲ್ಸಿಯಸ್‌ನಲ್ಲಿ. ನಿಮ್ಮ ಥರ್ಮಾಮೀಟರಿನ 101 ಅಂದರೆ ಅವರ ಲೆಕ್ಕದಲ್ಲಿ ಸುಮಾರು 38.3. ಬರೀ 101 ಅಂತ ತೋರಿಸಿದರೆ ಅವರಿಗೆ ತಲೆಬುಡ ಗೊತ್ತಾಗುವುದಿಲ್ಲ. ಮಾತ್ರೆಯ ಕಂಪನಿ ಹೆಸರೂ ಅಷ್ಟೇ, ಒಳಗಿನ ಔಷಧಿಯ ಹೆಸರು ತೋರಿಸಿ. ನಮ್ಮ ಪ್ಯಾರಾಸಿಟಮಾಲ್ ಅಮೆರಿಕ, ಜಪಾನಿನವರಿಗೆ ಅಸಿಟಮಿನೊಫೆನ್.

ಆಂಬುಲೆನ್ಸಿಗೆ 108, ತುರ್ತಿಗೆ 112. ಇವುಗಳ ಜೊತೆ 1363 ಕೂಡ ಬರೆದಿಟ್ಟುಕೊಳ್ಳಿ. ಕೇಂದ್ರ ಪ್ರವಾಸೋದ್ಯಮ ಇಲಾಖೆಯ ಸಹಾಯವಾಣಿ ಅದು. ಹಿಂದಿ, ಇಂಗ್ಲಿಷ್ ಅಲ್ಲದೆ ಅರಬ್ಬಿ, ಫ್ರೆಂಚ್, ಜರ್ಮನ್, ಇಟಾಲಿಯನ್, ಜಪಾನಿ, ಕೊರಿಯನ್, ಚೀನಿ, ಪೋರ್ಚುಗೀಸ್, ರಷ್ಯನ್, ಸ್ಪ್ಯಾನಿಷ್ ಭಾಷೆಗಳಿಗಾಗಿ ಇರುವ ಸೇವೆ, ದಿನದ 24 ಗಂಟೆಯೂ. ಭಾಷೆಯ ಗೋಡೆ ಎದುರಾದಾಗ ಇಷ್ಟು ಉಪಯೋಗಕ್ಕೆ ಬರುವ ನಂಬರ್ ಇನ್ನೊಂದಿಲ್ಲ, ಆದರೂ ಗೊತ್ತಿರುವವರು ಕಡಿಮೆ. ಪಾಸ್‌ಪೋರ್ಟ್ ಕಳೆದುಹೋದಂಥ ವಿಷಯಕ್ಕೆ ಅವರ ದೇಶದ ಕಾನ್ಸುಲೇಟ್ ಬೇಕು. ಜಪಾನ್, ಫ್ರಾನ್ಸ್, ಜರ್ಮನಿ, ಇಸ್ರೇಲಿನವು ಬೆಂಗಳೂರಿನಲ್ಲೇ ಇವೆ. ರಷ್ಯಾ, ದಕ್ಷಿಣ ಕೊರಿಯಾದವು ಚೆನ್ನೈಯಲ್ಲಿ.

ಬಾಡಿಗೆಯ ಮಾತು?

ಬಂದ ದಿನವೇ ಬರೆದು ಮುಗಿಸಿ. ಎಷ್ಟು ದಿನ, ಎಷ್ಟು ರೂಪಾಯಿ, ಕರೆಂಟ್ ಬಿಲ್ ಸೇರಿದೆಯಾ, ಊಟ ಸೇರಿದೆಯಾ. ಇಬ್ಬರ ಭಾಷೆಯಲ್ಲೂ ಇರಲಿ, ಇಬ್ಬರ ಸಹಿ ಇರಲಿ. ಆಮೇಲೆ ಒಂದು ರೂಪಾಯಿಯನ್ನೂ ಮಾತಿನಲ್ಲಿ ಜಾಸ್ತಿ ಮಾಡಬೇಡಿ.

ಅತಿಥಿಗೆ ಬೈಲಕುಪ್ಪೆ ನೋಡಬೇಕಂತೆ. ಕರೆದುಕೊಂಡು ಹೋಗಬಹುದಾ?

ಹಗಲು ಹೋಗಿ ನಮ್‌ಡ್ರೋಲಿಂಗ್ ದೇವಾಲಯ ನೋಡಿಕೊಂಡು ಬನ್ನಿ. ಅಲ್ಲಿನ ಟಿಬೆಟನ್ ನೆಲೆಯಲ್ಲಿ ರಾತ್ರಿ ಉಳಿಯಬೇಕಾದರೆ ವಿದೇಶಿಯರಿಗೆ ಪಿಎಪಿ ಎಂಬ ಪರವಾನಗಿ ಬೇಕು, ಅದನ್ನು ಮುಂಚಿತವಾಗಿಯೇ ಪಡೆದಿರಬೇಕು.

ನಮ್ಮ ಬೀಗರೇ ಬರುತ್ತಿದ್ದಾರೆ, ಮದುವೆಗೆ. ಏನು ಮಾಡಲಿ?

ಮೇಲೆ ಹೇಳಿದ್ದೆಲ್ಲ ಇಲ್ಲಿಗೂ ಸೇರುತ್ತದೆ, ಸಿ-ಫಾರ್ಮ್ ಕೂಡ. ಜೊತೆಗೆ ಒಂದು ಕೆಲಸ ಮಾಡಿ. ಮದುವೆಯ ಶಾಸ್ತ್ರಗಳನ್ನು ಒಂದು ಹಾಳೆಯಲ್ಲಿ ಅವರ ಭಾಷೆಯಲ್ಲಿ ಬರೆಸಿ. ವರಪೂಜೆ, ಧಾರೆ, ಸಪ್ತಪದಿ, ಯಾವುದು ಎಷ್ಟು ಹೊತ್ತು, ಅವರು ಎಲ್ಲಿ ಕೂರಬೇಕು, ಯಾವಾಗ ಎದ್ದು ಬರಬೇಕು, ಅಕ್ಷತೆ ಯಾವಾಗ ಹಾಕಬೇಕು. ಬೆಂಗಳೂರಿನಲ್ಲಿ ಆಲಿಯಾನ್ಸ್ ಫ್ರಾನ್ಸೇಸ್ ಇದೆ, ಮ್ಯಾಕ್ಸ್ ಮುಲ್ಲರ್ ಭವನ ಇದೆ. ಅಲ್ಲಿ ಫ್ರೆಂಚ್, ಜರ್ಮನ್ ಕಲಿತ ನೆಂಟರ ಮಕ್ಕಳು ಯಾರಾದರೂ ಸಿಗಬಹುದು, ವಿಚಾರಿಸಿ. ಮದುವೆಯ ದಿನ ಬೀಗಿತ್ತಿಯ ಪಕ್ಕದಲ್ಲೇ ಕೂರಲು ಒಬ್ಬರನ್ನು ಗೊತ್ತು ಮಾಡಿ. ಮದುಮಗ ಮದುಮಗಳಿಗೆ ಆ ದಿನ ಅನುವಾದ ಮಾಡುವ ಪುರುಸೊತ್ತು ಇರುವುದಿಲ್ಲ.

ಅವರ ಕಡೆಯ ಒಂದು ಪದ್ಧತಿಗೂ ಜಾಗ ಕೊಡಿ. ಒಂದು ಹಾಡಾಗಲಿ, ಒಂದು ಪ್ರಾರ್ಥನೆಯಾಗಲಿ. ಪುರೋಹಿತರ ಹತ್ತಿರ ಮೊದಲೇ ಹೇಳಿಡಿ.

ಹೊರಡುವಾಗ ಏನು ಕೊಡುವುದು?

ತಾಂಬೂಲ ಕೊಡಿ, ಆದರೆ ತೆಂಗಿನಕಾಯಿಯನ್ನು ಸೂಟ್‌ಕೇಸಿಗೆ ಹಾಕಿಸಬೇಡಿ. ಒಣಕೊಬ್ಬರಿಗೆ ಬೆಂಕಿ ಬೇಗ ಹತ್ತುತ್ತದೆ, ವಿಮಾನದ ಲಗೇಜಿನಲ್ಲಿ ಬಿಡುವುದಿಲ್ಲ. ಹಣ್ಣು, ವೀಳ್ಯದೆಲೆ, ಬೀಜಗಳನ್ನು ಆಸ್ಟ್ರೇಲಿಯಾದಂಥ ದೇಶಗಳು ಒಳಗೆ ಬಿಡುವುದಿಲ್ಲ, ದಂಡವನ್ನೂ ಕಟ್ಟಬೇಕಾಗಬಹುದು. ಉಪ್ಪಿನಕಾಯಿ ಸೋರುತ್ತದೆ. ಅರಿಶಿನ ಕುಂಕುಮ ಕೊಟ್ಟು, ಮೈಸೂರು ಸ್ಯಾಂಡಲ್ ಸೋಪು, ಊದುಬತ್ತಿ, ಚನ್ನಪಟ್ಟಣದ ಗೊಂಬೆ, ಒಂದು ರವಿಕೆ ಕಣ ಕೊಟ್ಟರೆ ವಿಮಾನ ನಿಲ್ದಾಣಗಳಲ್ಲಿ ಸಾಮಾನ್ಯವಾಗಿ ತಕರಾರಿಲ್ಲ.

ಬೆಂಗಳೂರು ವಿಮಾನ ನಿಲ್ದಾಣಕ್ಕೆ ಮೈಸೂರಿನಿಂದ ಕೆಎಸ್‌ಆರ್‌ಟಿಸಿಯ ಫ್ಲೈಬಸ್ ಇದೆ. ನೇರ ಬಸ್ಸು, ನಡುವೆ ಬದಲಾಯಿಸುವ ಗೊಂದಲ ಇಲ್ಲ, ಹಾಗಾಗಿ ಭಾಷೆ ಬಾರದವರಿಗೆ ಇದೇ ಒಳ್ಳೆಯದು. ಟಿಕೆಟ್ ಪ್ರಿಂಟ್ ಹಾಕಿಸಿ ಕೈಗೆ ಕೊಡಿ. ಅದರ ಹಿಂದೆ ನಿಮ್ಮ ನಂಬರ್ ಬರೆದು, 'ಇವರು ವಿಮಾನ ನಿಲ್ದಾಣದಲ್ಲಿ ಇಳಿಯಬೇಕು, ಏನಾದರೂ ಇದ್ದರೆ ದಯವಿಟ್ಟು ಈ ನಂಬರಿಗೆ ಫೋನ್ ಮಾಡಿ' ಅಂತ ಕನ್ನಡದಲ್ಲಿ ಬರೆಯಿರಿ. ಬಸ್ ಹತ್ತಿಸುವಾಗ ಕಂಡಕ್ಟರಿಗೂ ಡ್ರೈವರಿಗೂ ಒಂದು ಮಾತು ಹೇಳಿ ಬನ್ನಿ.